ಇತರೆ

ನೆಲ್ಲಿಕುಂಜೆ ಕಡಪ್ಪುರದಲ್ಲಿ ವಾರಿಜಕ್ಕನ ಮಾಳಿಗೆ ಕೋಣೆ.
ಬಾಡಿಗೆ ನಾಲ್ಕೂವರೆ ಸಾವಿರ, ಕರೆಂಟು ಬೇರೆ.
"ಕಡಲಿಗೆ ನಾವು ದುಡ್ಡು ಹಿಡಿಯುದಿಲ್ಲ"
ಅಂದಿದ್ದಳು ಮೊದಲ ದಿನ, ನಗದೆ.

ನನ್ನದು ಗದಗಿನ ಕಿವಿ.
ನೀರೆಂದರೆ ಕೊಡ, ಪಾಳಿ, ಟ್ಯಾಂಕರಿನ ಹಾರನ್ನು.
ಗೋಕರ್ಣದಲ್ಲಿ ಮೂರು ತಿಂಗಳು, ವರ್ಕಲದಲ್ಲಿ ಎರಡು,
ಪಾಂಡಿಚೇರಿಯಲ್ಲಿ ನೆಟ್ಟು ಕೈಕೊಟ್ಟು ಹತ್ತೇ ದಿನ.
ಒಂದು ಲೀಟರಿನ ಕುಕ್ಕರು, ಲ್ಯಾಪ್‌ಟಾಪು,
ಶೇಂಗಾ ಹಿಂಡಿಯ ಡಬ್ಬಿ,
ಮತ್ತೆ ಮಡಚಿದಲ್ಲೇ ಸವೆದ ನಾಲ್ಕು ಕುರ್ತಾ.
ಯಾವ ಊರಲ್ಲೂ ಕ್ಯಾಲೆಂಡರು ತೂಗುಹಾಕಿಲ್ಲ.
ಮಂಜೇಶ್ವರ ದಾಟುವಾಗ ಫೋನು
ಕೇರಳಕ್ಕೆ ಸ್ವಾಗತ ಅಂತು.
ಪಕ್ಕದ ಸೀಟಿನಾಕೆ ಕನ್ನಡದಲ್ಲೇ ಬೈದಳು,
ಸ್ವಲ್ಪ ಆಚೆ ಸರೀರಿ ಮಾರಾಯ್ತಿ.

ಕೆಲಸ ಇಷ್ಟೇ: ಕೇಳುವುದು.
ಯಾರೋ ಎಲ್ಲೋ ಓದಿಟ್ಟ ಕನ್ನಡದ ವಾಕ್ಯಗಳು
ಲಿಸ್ಬನ್ನಿಗೆ ಹೋಗಿ ಅಲ್ಲಿಂದ ನನ್ನ ಕಿವಿಗೆ ಬೀಳುತ್ತವೆ.
ಯಂತ್ರಕ್ಕೆ ಮಾತು ಕಲಿಸುತ್ತಿದ್ದಾರಂತೆ.
ಸರಿ, ತಪ್ಪು, ಗದ್ದಲ, ಹೀಗೆ ಮೂರು ಗುಂಡಿ.
ಕೆಳಗೊಂದು ಪಟ್ಟಿ:
ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರು,
ಕಟ್ಟಕಡೆಗೆ, ತಡವಾಗಿ ಬಂದವರನ್ನು ಕೂರಿಸುವ ಪಂಕ್ತಿಯ ಹಾಗೆ,
ಇತರೆ.

ಕೇಳಲಿಕ್ಕೆಂದು ಕಿಟಕಿ ಮುಚ್ಚುತ್ತೇನೆ.
ಕಡಲ ದಂಡೆಗೆ ಬಂದು ಕಡಲನ್ನು ಹೊರಗಿಟ್ಟು
ಬೆವರುತ್ತ ಕೂತಿರುತ್ತೇನೆ, ಫ್ಯಾನೂ ಆರಿಸಿ,
ಯಾರದೋ ಹಕಾರ ಜಾರಿತೇ ಎಂದು ನೋಡಲು.

ಕೆಳಗೆ ವಾರಿಜಕ್ಕ ತಂಗಿಯ ಜೊತೆ ತುಳು,
ರೇಶನ್ ಅಂಗಡಿಯವನ ಜೊತೆ ಮಲಯಾಳಂ,
ಮೀನಿನ ಮೊಯ್ದುಚ್ಚನ ಜೊತೆ ಚೌಕಾಸಿಗೆ ಬ್ಯಾರಿ,
ನನ್ನ ಜೊತೆ ಏಳನೇ ಕ್ಲಾಸಿನ ಕನ್ನಡ,
ಇಸ್ತ್ರಿ ಮಾಡಿಟ್ಟದ್ದು.
ಬಾಯಿ ಒಂದೇ. ಯಾವುದಕ್ಕೂ ಬಾಗಿಲು ಹಾಕಿ ತೆಗೆದ ಸದ್ದಿಲ್ಲ.
"ಎಂತ ಕೆಲಸ ನಿಮ್ಮದು?"
ಕೇಳುದು, ಅಂದೆ. ನನ್ನ ನಾಲಗೆಗೂ ಆಗಲೇ ಹತ್ತಿತ್ತು.
"ಕೇಳುದಕ್ಕೂ ಸಂಬಳ ಉಂಟಾ?
ನಮ್ಮವರಿಗೆ ಮೊದಲೇ ಗೊತ್ತಿದ್ದರೆ
ಒಂದು ದಿನವಾದರೂ ನಾನು ಹೇಳಿದ್ದು ಕೇಳ್ತಿದ್ದರು."

ಮೊನ್ನೆ ರಾತ್ರಿ ಒಂದೂವರೆ.
ಲಿಸ್ಬನ್ನಲ್ಲಿ ಇನ್ನೂ ಸಂಜೆಯಾಗಬೇಕು.
ನಾನೂರ ಹದಿನೇಳನೆಯ ತುಣುಕು:
"ರೈಲು ನಿಲ್ದಾಣಕ್ಕೆ ಹೋಗುವ ದಾರಿ ಯಾವುದು?"
ಬೆರಳಿಟ್ಟು ಓದುವ ಮಕ್ಕಳ ರಾಗ.
ನಿಲ್ದಾಣದ ಹತ್ತಿರ ಸ್ವಲ್ಪ ಉಸಿರು ಕಟ್ಟಿ, ಮತ್ತೆ ದಾರಿ ಸಿಕ್ಕಿ.
ಹಿಂದೆ ಮೀನಿನ ಸ್ಕೂಟರಿನ ಪೋಂ ಪೋಂ,
ಅದರಾಚೆ ಎಳೆದೆಳೆದು ಒಂದು ಮೊರೆತ,
ಕೊನೆಗೆ, ನಿಲ್ಲಿಸುವ ಮೊದಲು, ಬೇರೆಯದೇ ಗಂಟಲಲ್ಲಿ
"ಪುಚ್ಚೇ, ಪೋಲ!"

ಆ ಬೆಕ್ಕು ನನಗೆ ಗೊತ್ತು.
ಒಂದು ಕಿವಿ ಹರಿದಿದೆ. ನನ್ನ ಮೆಟ್ಟಿಲಲ್ಲೇ ಮಲಗುತ್ತದೆ.
ಅವಳೇ ಹೇಳಿದ್ದಳಲ್ಲ, ಕುಂಬಳೆಯ ಹುಡುಗನೊಬ್ಬ
ಫೋನು ಮುಂದೆ ಹಿಡಿದು ನಲವತ್ತು ವಾಕ್ಯ ಓದಿಸಿ
ರೀಚಾರ್ಜು ಮಾಡಿಸಿಕೊಟ್ಟು ಹೋದ ಅಂತ.

ನಿಯಮದಂತೆ ಗದ್ದಲ. ಹಕಾರವೂ ಅರ್ಧಂಬರ್ಧ.
ಪರದೆಯ ಮೂಲೆಯಲ್ಲಿ ಎರಡು ನಿಮಿಷದ ಗಡಿಯಾರ.
ಮತ್ತೆ ಹಾಕಿದೆ. ಮತ್ತೆ ಹಾಕಿದೆ.
ಅವಳು ಹುಟ್ಟಿದ್ದು ಇಲ್ಲಿಂದ ಮೂರು ಮನೆ ಆಚೆ,
ಮದುವೆಯಾಗಿ ಬಂದದ್ದು ಇಷ್ಟೇ ದೂರ.
ರೈಲು ನಿಲ್ದಾಣಕ್ಕೆ ದಾರಿ ಕೇಳುವ ಅಗತ್ಯವೇನಿತ್ತು ಅವಳಿಗೆ?
ಕೇಳಬೇಕಾದವಳು ನಾನು.
ಐದು ವರ್ಷದಿಂದ ಯಾವ ಊರಲ್ಲಿ ಇಳಿದರೂ ಫೋನನ್ನು ಕೇಳಿದ್ದೇನೆ,
ಮನುಷ್ಯರನ್ನಲ್ಲ.

ಸಮಯ ಮುಗಿಯಿತು.
ತುಣುಕು ತಾನಾಗಿ ಇನ್ನೊಬ್ಬರ ಪಾಳಿಗೆ ಹೋಯಿತು,
ಇನ್ಯಾವುದೋ ಊರಿನ ಮುಚ್ಚಿದ ಕಿಟಕಿಗೆ.
ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.
ಒಳ್ಳೆಯವಳಾಗಿ ಅಲ್ಲ,
ಒತ್ತಲಾಗಲಿಲ್ಲ, ಅಷ್ಟೆ. ಮೂರು ರೂಪಾಯಿ ಹೋಯಿತು.

ಬೆಳಿಗ್ಗೆ ಅವಳು ಬಂಗುಡೆ ತೊಳೆಯುತ್ತಿದ್ದಳು.
ಇಳಿದು ಹೋಗಿ ಕೇಳಿದೆ,
"ವಾರಿಜಕ್ಕ, ರೈಲ್ವೆ ಸ್ಟೇಶನ್ನಿಗೆ ಹೇಗೆ ಹೋಗುದು?"
ತಲೆ ಎತ್ತಿದಳು. ಕೈಯಲ್ಲಿ ಮೀನು, ಮುಂಗೈಯಲ್ಲಿ ಹುರುಪೆ.
"ಎಂತಕ್ಕೆ? ಹೊರಟದ್ದಾ?"
ಬೆಕ್ಕು ಇಬ್ಬರ ಮುಖವನ್ನೂ ನೋಡುತ್ತಿತ್ತು.